ಗಂಧದ ಕೋಠಿಯ ಕೆರೆ

ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಹೂವಿನವರು ಬುಟ್ಟಿಗಳನ್ನು ಇಳಿಸುವುದಕ್ಕೆ ಮೊದಲೇ ನಾವು ಮನೆಯನ್ನು ಬಿಟ್ಟೆವು. ಮನೆಯವರೂ ಏಳು ವರ್ಷದ ಮೊಮ್ಮಗಳೂ ಜೊತೆಗಿದ್ದರು. ಬೆಂಗಳೂರಿನವರು ಸ್ಯಾಂಕಿ ಕೆರೆಗೆ ಹೋಗಿಬರುವುದನ್ನು ಪ್ರವಾಸವೆಂದು ಹೇಳಿಕೊಂಡರೆ ವಾಚಕರಿಗೆ ನಗು ಬಂದೀತು. ಆದರೆ ಹಿತ್ತಲ ಗಿಡವು ಮದ್ದಲ್ಲವೆಂಬಂತೆ, ಹತ್ತಿರದ ಸ್ಥಳವನ್ನು ಕಣ್ಣಿಟ್ಟು ನೋಡುವವರು ಕಡಮೆ. ನಾವೂ ಬಹುಕಾಲ ಅವರಲ್ಲಿಯೇ ಸೇರಿದ್ದೆವು. ಸಂಪಿಗೆ ರಸ್ತೆಯನ್ನು ಹಿಡಿದು ಉತ್ತರಕ್ಕೆ ನಡೆದು, ಹದಿನೆಂಟನೆಯ ಅಡ್ಡರಸ್ತೆಯಲ್ಲಿ ಬಲಕ್ಕೆ ತಿರುಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮರಗಳ ಸಂದಿನಿಂದ ನೀರು ಕಾಣಿಸಿತು.

ಸುಮಾರು ೩೭ ಎಕರೆಗಳ ಈ ಕೆರೆಯು ಕೆಂಪೇಗೌಡರ ಕಾಲದ್ದಲ್ಲ. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಘೋರ ಕ್ಷಾಮದ ತರುವಾಯ, ಮಳೆ ತಪ್ಪಿದ ವರ್ಷದಲ್ಲಿ ಊರಿಗೆ ನೀರಿನ ಆಧಾರವೊಂದಿರಲೆಂದು ೧೮೮೨ರಲ್ಲಿ ಇದನ್ನು ಕಟ್ಟಿಸಿದರು. ಅಠಾರಾ ಕಚೇರಿಯನ್ನು ರೂಪಿಸಿದ ಇಂಜಿನಿಯರ್ ರಿಚರ್ಡ್ ಸ್ಯಾಂಕಿಯವರ ಹೆಸರು ಇದಕ್ಕೂ ನಿಂತಿತು. ಸರಕಾರದ ಶ್ರೀಗಂಧದ ಕೋಠಿಯು ಸಮೀಪದಲ್ಲಿದ್ದುದರಿಂದ ಜನರು ಗಂಧದ ಕೋಠಿ ಕೆರೆಯೆಂದರು. ನಮಗಂತೂ ದೊರೆಗಳ ಹೆಸರಿಗಿಂತ ಈ ಹೆಸರೇ ಹಿತವೆನಿಸುತ್ತದೆ. ೧೮೯೮ರ ಪ್ಲೇಗಿಗೆ ಹೆದರಿ ಪೇಟೆಯ ಜನರು ಗುಂಪುಗುಂಪಾಗಿ ಮಲ್ಲೇಶ್ವರ ಬಸವನಗುಡಿಗಳಿಗೆ ಬಂದು ನೆಲಸಿದಾಗ ಕೆರೆಗೆ ಆಗಲೇ ಹದಿನಾರು ವರ್ಷ ತುಂಬಿದ್ದಿತು.

ಏರಿಯ ಮೇಲೆ ನಿಂತು ನೀರುಕಾಗೆಯೊಂದು ಮುಳುಗಿ ಏಳುವುದನ್ನು ನೋಡುತ್ತಿದ್ದ ಮೊಮ್ಮಗಳು, "ತಾತ, ಈ ನೀರನ್ನು ಯಾರು ಕುಡಿಯುತ್ತಾರೆ?" ಎಂದು ಕೇಳಿದಳು.

"ಈಗ ಯಾರೂ ಕುಡಿಯುವುದಿಲ್ಲವಮ್ಮ. ನಮಗೆ ಕಾವೇರಿಯ ನೀರು ಬರುತ್ತದಲ್ಲ."

"ಹಾಗಾದರೆ ಇದನ್ನು ಯಾಕೆ ಕಾಯಬೇಕು?"

ನಾವು ಥಟ್ಟನೆ ಉತ್ತರ ಹೇಳಲಾರದೆ ಹೋದೆವು. ಹಳ್ಳಿಯ ಕೆರೆಗೆ ನೀರುಗಂಟಿಯೆಂಬವನಿರುತ್ತಿದ್ದನು. ತೂಬನ್ನು ತೆಗೆದು ಮುಚ್ಚುವುದು, ಗದ್ದೆಗದ್ದೆಗೂ ನೀರನ್ನು ಹಂಚುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ತಿಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಕಣದಿಂದ ಅವನಿಗೆ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಉಣ್ಣುವ ಅನ್ನವು ಕೆರೆಯಿಂದ ಬರುತ್ತಿದ್ದಷ್ಟು ದಿನ ಕೆರೆಗೆ ಕಾವಲು ತಪ್ಪಲಿಲ್ಲ. ಪಟ್ಟಣಕ್ಕೆ ಕೊಳಾಯಿ ಬಂದಿತು; ಕೆರೆಯು ಯಾರಿಗೂ ಬೇಡದ ತಗ್ಗಾಯಿತು. ಧರ್ಮಾಂಬುಧಿಯಿದ್ದ ಕಡೆಯಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವೆದ್ದಿದೆ. ಶತ್ರುಗಳು ಬಂದು ಇವುಗಳನ್ನು ಒಡೆಯಲಿಲ್ಲ. ನಮ್ಮಂಥ ಗೃಹಸ್ಥರು ಸುಮ್ಮನಿದ್ದರು, ಅಷ್ಟೇ.

ಸ್ಯಾಂಕಿ ಕೆರೆಗೆ ಸಂಬಳವಿಲ್ಲದ ನೀರುಗಂಟಿಗಳು ದೊರೆತದ್ದು ವಾಯುಸೇವನೆಗೆ ಬರುವವರಲ್ಲಿ. ೨೦೧೧ರ ಫೆಬ್ರವರಿಯಲ್ಲಿ ಭಾಷ್ಯಂ ವೃತ್ತದಿಂದ ಬರುವ ರಸ್ತೆಯನ್ನು ಅಗಲಿಸುವುದಕ್ಕಾಗಿ ಮರಗಳಿಗೆ ಕೊಡಲಿ ಬಿದ್ದಾಗ, ನೆರೆಹೊರೆಯ ನಿವಾಸಿಗಳೂ ಹಸಿರು ಉಸಿರು ಎಂಬ ಕೂಟದವರೂ ಅಡ್ಡಬಂದರು. ಕೆಲವರನ್ನು ಪೊಲೀಸರು ಹಿಡಿದೊಯ್ದರು. ವ್ಯಾಜ್ಯವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಕಡಿದ ಮರಗಳು ಮಾತ್ರ ಕಡಿದವೇ ಆದವು. ಆ ಬೆಳಿಗ್ಗೆ ನಾವು ಪತ್ರಿಕೆಯಲ್ಲಿ ಸುದ್ದಿಯನ್ನೋದಿ, ಕಾಫಿಯನ್ನು ಮುಗಿಸಿ, ಪುಟವನ್ನು ಮಗುಚಿದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹನ್ನೆರಡು ವರ್ಷಗಳ ಮೇಲೆ ಅದೇ ರಸ್ತೆಯ ಮೇಲೆ ಮೇಲ್ಸೇತುವೆಯ ಯೋಜನೆ ಬಂದಿತು. ಭಾಷ್ಯಂ ವೃತ್ತದಲ್ಲಿ ವಾಹನಗಳ ದಟ್ಟಣೆಯು ಸುಳ್ಳಲ್ಲ. ಅಲ್ಲಿ ಆಟೋರಿಕ್ಷಾದಲ್ಲಿ ಅರ್ಧ ಗಂಟೆ ಬೆವರುತ್ತ ಕುಳಿತು, ಮೇಲೊಂದು ಸೇತುವೆಯಿದ್ದರೆ ಎಂದು ನಾವೂ ಹಾರೈಸಿದ್ದುಂಟು. ಆದರೆ ಮಣ್ಣಿನ ಹಳೆಯ ಏರಿಯ ಮಗ್ಗುಲಲ್ಲಿ ಕಂಬಗಳಿಗಾಗಿ ಆಳವಾದ ಗುಂಡಿಗಳನ್ನು ತೋಡಿದರೆ ಏರಿಯ ಗತಿಯೇನು, ೫೦ಕ್ಕೂ ಹೆಚ್ಚು ಮರಗಳನ್ನು ಉರುಳಿಸಿದ ಮೇಲೆ ಕೆರೆಯ ಅಂಚಿನಲ್ಲಿ ಉಳಿಯುವುದೇನು ಎಂದು ಕೇಳಿದವರು 'ಸಿಟಿಜನ್ಸ್ ಫಾರ್ ಸ್ಯಾಂಕಿ' ಎಂಬ ಹೆಸರಿನಲ್ಲಿ ಒಂದುಗೂಡಿದರು. ಇವರಿಗೆ ಕಚೇರಿಯಿಲ್ಲ, ಬಿರುದುಗಳಿಲ್ಲ. ಮನೆಮನೆಗೂ ಹೋಗಿ ವಿವರಿಸಿದರು; ಶಾಲೆಯ ಮಕ್ಕಳೂ ಕೂಡಿಕೊಂಡರು; ೨೦,೦೦೦ಕ್ಕೂ ಹೆಚ್ಚು ಸಹಿಗಳು ಸೇರಿದವು. ೨೦೨೩ರ ಫೆಬ್ರವರಿಯ ಒಂದು ಭಾನುವಾರ ನೂರಾರು ಜನರು ಮೌನವಾಗಿ ನಡೆದು ಮರಗಳನ್ನು ಅಪ್ಪಿಕೊಂಡು ನಿಂತರು. ಅದಕ್ಕಾಗಿ ಅವರ ಮೇಲೆ ಪೊಲೀಸ್ ಮೊಕದ್ದಮೆಯೂ ದಾಖಲಾಯಿತು. ಮುದುಕರು, ಗೃಹಿಣಿಯರು, ಉದ್ಯೋಗಸ್ಥರು ಮೌನವಾಗಿ ನಡೆದುದಕ್ಕೆ ಇಷ್ಟು ದೊಡ್ಡ ಮರ್ಯಾದೆಯು ಅಗತ್ಯವಿದ್ದಿತೆಂದು ನಮಗೆ ತೋರುವುದಿಲ್ಲ. ಆದರೂ ಫಲವು ದೊರೆಯಿತು: ಯೋಜನೆಯನ್ನು ಬದಿಗಿಟ್ಟರು.

ಬದಿಗಿಟ್ಟರೆಂದೆವೇ ಹೊರತು ಹರಿದುಹಾಕಿದರೆನ್ನಲಿಲ್ಲ. ಕಪಾಟಿನಲ್ಲಿಟ್ಟ ನಕ್ಷೆಗಳು ಮತ್ತೆ ಹೊರಬರುವುದು ನಮ್ಮ ಊರಿಗೆ ಹೊಸದಲ್ಲ; ಆದಕಾರಣ ಕೂಟದವರು ತಮ್ಮ ಕಾಗದಪತ್ರಗಳನ್ನು ಕಟ್ಟಿಡದೆ ಎಚ್ಚರದಿಂದಿರುವುದು ಸರಿಯೇ.

ಮೂವರೂ ಏರಿಯ ಉದ್ದಕ್ಕೂ ನಡೆದೆವು. ಗಣಪತಿಯ ಮೂರ್ತಿಗಳನ್ನು ಬಿಡುವುದಕ್ಕೆ ಬೇರೆಯಾಗಿ ಕಟ್ಟಿರುವ ಕಲ್ಯಾಣಿಯನ್ನು ಮೊಮ್ಮಗಳಿಗೆ ತೋರಿಸಿದೆವು. ಬಣ್ಣವೂ ಜೇಡಿಯೂ ಕೆರೆಯ ನೀರಿಗೆ ಸೇರದಂತೆ ಮಾಡಿರುವ ಈ ಏರ್ಪಾಡು ಮೆಚ್ಚತಕ್ಕದ್ದೇ. ಅವಳಿಗೆ ಅದಕ್ಕಿಂತ ಮರದ ಮಾತೇ ಹಿಡಿಸಿದ್ದಿತು. ೨೦೨೩ರಲ್ಲಿ ನಾವು ಸಹಿಯನ್ನೇನೋ ಹಾಕಿದೆವು. ಮಂಡಿನೋವಿನ ನೆಪ ಹೇಳಿ ಮನೆಯಲ್ಲುಳಿದೆವು. ಮೆರವಣಿಗೆಗೆ ಹೋದವರು ಮನೆಯವರು.

"ಅಜ್ಜಿ, ನೀವು ಅಪ್ಪಿಕೊಂಡ ಮರ ಯಾವುದು?"

ಮನೆಯವರು ಎರಡು ಮರಗಳನ್ನು ಬಿಟ್ಟು ಮೂರನೆಯದರ ಬಳಿಗೆ ಅವಳನ್ನು ಕರೆದೊಯ್ದರು. ಮೊಮ್ಮಗಳ ಎರಡು ಕೈಗಳೂ ಸೇರಿ ಕಾಂಡದ ಅರ್ಧವನ್ನೂ ಬಳಸಲಿಲ್ಲ. ಅವಳ ತಲೆಗಿಂತ ಸ್ವಲ್ಪ ಮೇಲೆ, ಯಾರೋ ಬಣ್ಣದಲ್ಲಿ ಬರೆದಿದ್ದ ಸಂಖ್ಯೆಯು ಇನ್ನೂ ಅಳಿಸಿರಲಿಲ್ಲ.