32 ಬೈಟಿನ ಬೀಗದ ಕೈ

ಗುಟ್ಟನ್ನು ತಲೆಯಲ್ಲಿ ಇಟ್ಟುಕೊಳ್ಳುವವರು, ಜೇಬಿನಲ್ಲಿ ಇಟ್ಟುಕೊಳ್ಳುವವರು ಎಂದು ಕಂಪ್ಯೂಟರ್ ಬಳಸುವ ಮಂದಿಯಲ್ಲಿ ಎರಡು ಪಂಗಡ. ನಾನು ಜೇಬಿನ ಪಂಗಡದವನು. ನನ್ನ ಲ್ಯಾಪ್‌ಟಾಪಿನ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ. ಅದನ್ನು ತೆರೆಯುವ ಕೀಲಿ ಒಂದು ಪೆನ್‌ಡ್ರೈವಿನಲ್ಲಿದೆ. ಅದನ್ನು ಚುಚ್ಚಿ ಗುಂಡಿ ಒತ್ತಿದರೆ ಯಂತ್ರ ಮಾತಿಲ್ಲದೆ ಏಳುತ್ತದೆ. ಚುಚ್ಚದಿದ್ದರೆ ಸ್ವಲ್ಪ ಹೊತ್ತು ದಾರಿ ನೋಡಿ, ಆಮೇಲೆ ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ. ಒಳಗೆ ಅಂಥದ್ದೇನಿದೆ ಮಹಾ ಎಂದು ಕೇಳಬೇಡಿ. ಆದಾಯ ತೆರಿಗೆಯ ಕಾಗದ, ಮಗಳ ಬಾಲ್ಯದ ಫೋಟೋಗಳು, ಅರ್ಧಕ್ಕೆ ನಿಂತ ಒಂದು ಕಾದಂಬರಿ. ಕಾದಂಬರಿಗೆ ಬೀಗದ ಅಗತ್ಯವಿಲ್ಲ, ಬಾಗಿಲು ತೆರೆದಿಟ್ಟರೂ ಯಾರೂ ಒಯ್ಯುವುದಿಲ್ಲ ಎಂಬುದು ಮನೆಯವರ ಅಭಿಪ್ರಾಯ. ಇರಬಹುದು. ಆದರೆ ರೈಲಿನಲ್ಲಿ ಲ್ಯಾಪ್‌ಟಾಪ್ ಕಳೆದುಕೊಂಡವರನ್ನು ಮಾತಾಡಿಸಿ ನೋಡಿ. ಹೋದ ದುಡ್ಡಿಗಿಂತ, ಒಳಗಿದ್ದದ್ದು ಯಾರ ಕಣ್ಣಿಗೆ ಬಿತ್ತೋ ಎಂಬ ಸಂಕಟವೇ ಅವರನ್ನು ಹೆಚ್ಚು ತಿನ್ನುತ್ತಿರುತ್ತದೆ.

ತಲೆಯ ಪಂಗಡ ನನಗೆ ಒಗ್ಗದಿರಲು ಕನ್ನಡವೂ ಒಂದು ಕಾರಣ. ಯಂತ್ರ ಆಗಷ್ಟೇ ಕಣ್ಣು ಬಿಡುತ್ತಿರುವ ಆ ಗಳಿಗೆಯಲ್ಲಿ ಅದಕ್ಕೆ ಕನ್ನಡ ಟೈಪಿಂಗ್ ಇನ್ನೂ ಬಂದಿರುವುದಿಲ್ಲ. ಕನ್ನಡ ಕಲಿಸುವ ತಂತ್ರಾಂಶವೂ ಬೀಗದ ಆಚೆಗೇ ಇದೆಯಲ್ಲ! ಹೀಗಾಗಿ ಉದ್ದನೆಯ ಗಾದೆಯೊಂದನ್ನು ಪಾಸ್‌ವರ್ಡ್ ಮಾಡಿಕೊಂಡರೂ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಅಲ್ಲಿಂದ ಶುರು ಫಜೀತಿ. ದೀರ್ಘಕ್ಕೆ ಎರಡು ಎ ಹಾಕಿದ್ದೆನೋ ಒಂದೋ? ಊಕಾರಕ್ಕೆ ಯು ಒತ್ತಿದ್ದೆನೋ, ಜೋಡಿ ಓ ಒತ್ತಿದ್ದೆನೋ? ವಾಟ್ಸಾಪಿನಲ್ಲಿ ಹೇಗೆ ಬರೆದರೂ ನೆಂಟರು ಅರ್ಥ ಮಾಡಿಕೊಳ್ಳುತ್ತಾರೆ. ಡಿಸ್ಕಿಗೆ ಆ ದಾಕ್ಷಿಣ್ಯವಿಲ್ಲ. ಸಾಲದ್ದಕ್ಕೆ, ಕೊಟ್ಟ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಅದು ಎರಡು ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತದೆ. ಇದು ಸೋಮಾರಿತನವಲ್ಲ, ಬೇಕೆಂದೇ ಇಟ್ಟ ನಿಧಾನ. ಕಳ್ಳ ಕೋಟಿಗಟ್ಟಲೆ ಊಹೆ ಮಾಡಿ ನೋಡಲು ಹೊರಟರೆ ಪ್ರತಿ ಊಹೆಗೂ ಅವನು ಹೀಗೆಯೇ ತಡವರಿಸಲಿ ಎಂದು.

ಇನ್ನು ಕೀಲಿ. ಅದು 32 ಬೈಟಿನ ಪುಟಾಣಿ ಕಡತ. ಕಂಪ್ಯೂಟರಿನಲ್ಲಿ ಕನ್ನಡದ ಬಿಡಿ ಅಕ್ಷರವೊಂದಕ್ಕೆ ಸಾಮಾನ್ಯವಾಗಿ ಮೂರು ಬೈಟು ಬೇಕು. ಅಂದರೆ ಹತ್ತು ಅಕ್ಷರ ಬರೆಯುವಷ್ಟು ಜಾಗದಲ್ಲಿ ಇಡೀ ಗುಟ್ಟು. ಯಂತ್ರವೇ ಯಾದೃಚ್ಛಿಕವಾಗಿ ಎತ್ತಿಕೊಟ್ಟ ಆ ಬೈಟುಗಳನ್ನು ಊಹಿಸಲು ಹೊರಟವನ ಮುಂದಿರುವ ಸಾಧ್ಯತೆಗಳ ಸಂಖ್ಯೆ ಬರೆದರೆ 78 ಅಂಕಿಗಳಾಗುತ್ತವೆ. ತಮಾಷೆಯೆಂದರೆ ಇದನ್ನು ಹೊರುವ ವಾಹನ. 2000ರ ಕೊನೆಗೆ ಐಬಿಎಂ ಹೆಸರಿನಲ್ಲಿ ಅಮೆರಿಕದ ಪೇಟೆಗೆ ಬಂದ ಪೆನ್‌ಡ್ರೈವಿನಲ್ಲಿ ಹಿಡಿಸುತ್ತಿದ್ದದ್ದು 8 ಎಂಬಿ. ಬರೀ ಲೆಕ್ಕಕ್ಕೆ ನೋಡಿದರೆ ಅದರಲ್ಲೇ ಇಂಥ ಎರಡೂವರೆ ಲಕ್ಷ ಕೀಲಿಗಳಿಗೆ ಜಾಗವಿತ್ತು. ಇವತ್ತು ಅಂಗಡಿಯಲ್ಲಿ ಚಿಕ್ಕದು ಕೊಡಿ ಎಂದರೂ 32 ಜಿಬಿ ಕೈಗಿಡುತ್ತಾರೆ. ಅದರ ಹೊಟ್ಟೆಯಲ್ಲಿ ನನ್ನ 32 ಬೈಟು ಎಲ್ಲಿದೆಯೋ, ಪಾಪ.

ಕೆಲವರು ಕೀಲಿಯಾಗಿ ಫೋಟೋವೊಂದನ್ನೇ ಇಟ್ಟುಕೊಳ್ಳುತ್ತಾರೆ. ಜೋಗದ ಚಿತ್ರ ನೋಡಿ ಇದು ಕೀಲಿ ಎಂದು ಯಾರು ತಾನೇ ಅನುಮಾನಿಸಿಯಾರು! ಉಪಾಯವೇನೋ ಚೆನ್ನಾಗಿದೆ, ನನಗೆ ಮಾತ್ರ ಧೈರ್ಯವಿಲ್ಲ. ಅದೇ ಫೋಟೋ ವಾಟ್ಸಾಪಿನಲ್ಲಿ ಒಮ್ಮೆ ಹೋಗಿಬಂದರೆ ಅದೇ ಜಲಪಾತ, ಅದೇ ಕಾಮನಬಿಲ್ಲು; ಆದರೆ ಒಳಗಿನ ಬೈಟುಗಳು ಕುಗ್ಗಿ ಬೇರೆಯಾಗಿರುತ್ತವೆ. ನಮಗೆ ಅದೇ ಜೋಗ. ಡಿಸ್ಕಿಗೆ ಅದು ಯಾರೋ ಅಪರಿಚಿತ.

ನನ್ನ ಲ್ಯಾಪ್‌ಟಾಪಿನಲ್ಲಿ ಓಡುವ ಲಿನಕ್ಸಿನ ಈ ಬೀಗದ ವ್ಯವಸ್ಥೆಯ ಹೆಸರು ಲಕ್ಸ್. ಸೋಪಿಗೂ ಇದಕ್ಕೂ ನಂಟಿಲ್ಲ. ಕ್ಲೆಮೆನ್ಸ್ ಫ್ರೂವಿರ್ತ್ ಎಂಬ ಆಸ್ಟ್ರಿಯಾದವನು 2004ರ ಸುಮಾರಿಗೆ ಕಟ್ಟಿದ್ದು. ಅದರ ಸೊಗಸು ತಿಳಿಯಬೇಕಾದರೆ ನನ್ನ ಅಜ್ಜಿಯ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲನ್ನು ನೆನೆಯಬೇಕು. ಉಗ್ರಾಣದ್ದು, ಪೆಟ್ಟಿಗೆಯದು, ಹಿತ್ತಿಲ ಬಾಗಿಲಿನದು, ಎಂದೋ ಕಾಣೆಯಾದ ಬೀಗಗಳದ್ದು ಕೂಡ. ಅಲ್ಲಿ ಒಂದು ಬೀಗಕ್ಕೆ ಒಂದು ಕೈ. ಅದು ಕಳೆದರೆ ಬೀಗ ಒಡೆಯಬೇಕು, ಹೊಸದು ತರಬೇಕು, ಮನೆ ತುಂಬ ರಂಪ. ಫ್ರೂವಿರ್ತ್ ಮಾಡಿದ್ದೇ ಬೇರೆ. ಡಿಸ್ಕನ್ನು ನಿಜವಾಗಿ ಮುಚ್ಚಿದ ಮೂಲ ಕೀಲಿ ಡಿಸ್ಕಿನ ತಲೆಭಾಗದಲ್ಲೇ ಇರುತ್ತದೆ, ಆದರೆ ಅದಕ್ಕೂ ಬೀಗ ಬಿದ್ದಿರುತ್ತದೆ. ಆ ಮೂಲ ಕೀಲಿಯನ್ನು ಎಂಟು ಗೂಡುಗಳಲ್ಲಿ ಎಂಟು ಬೇರೆ ಬೇರೆ ಗುಟ್ಟುಗಳಿಂದ ಮುಚ್ಚಿಡಬಹುದು. ಹೊಸ ಆವೃತ್ತಿಯಲ್ಲಿ ಗೂಡುಗಳು 32. ಒಂದಕ್ಕೆ ನನ್ನ ಪೆನ್‌ಡ್ರೈವ್, ಇನ್ನೊಂದಕ್ಕೆ ಆ ಗಾದೆ, ಮತ್ತೊಂದಕ್ಕೆ ಬೇರೊಂದು ಪೆನ್‌ಡ್ರೈವ್. ಒಂದು ಕಳೆಯಿತೆನ್ನಿ, ಇನ್ನೊಂದರಿಂದ ಒಳಹೊಕ್ಕು ಆ ಗೂಡನ್ನಷ್ಟೇ ಅಳಿಸಿದರಾಯಿತು. ಸಿಕ್ಕವನ ಕೈಯಲ್ಲಿರುವುದು ಆಮೇಲೆ ಬರೀ ಕಸ.

ಅಳಿಸುವುದರಲ್ಲೂ ಈತ ಮಹಾ ಜಾಣ. ಡಿಸ್ಕುಗಳು ಹಾಳಾದ ಜಾಗವನ್ನು ತಾವೇ ಸದ್ದಿಲ್ಲದೆ ಬದಲಾಯಿಸಿಕೊಳ್ಳುವುದರಿಂದ, ಅಳಿಸಿದೆ ಎಂದುಕೊಂಡ ಚೂರು ಎಲ್ಲೋ ಮೂಲೆಯಲ್ಲಿ ಉಳಿದುಬಿಡಬಹುದು. ಅದಕ್ಕೆ ಗೂಡಿನಲ್ಲಿಡುವ ಕೀಲಿಯನ್ನು 4000 ಪಟ್ಟು ಹಿಗ್ಗಿಸಿ ಬರೆಯುತ್ತಾರೆ; ಅಷ್ಟೂ ಭಾಗಗಳು ಸರಿಯಾಗಿದ್ದರೆ ಮಾತ್ರ ಅದು ಕೀಲಿ. ನಾಲ್ಕಾರು ಚೂರು ಸಿಕ್ಕವನಿಗೆ ಏನೂ ಸಿಕ್ಕಂತಲ್ಲ. ಸುಲಭವಾಗಿ ಸಾಯಲೆಂದೇ ದೊಡ್ಡದಾಗಿ ಹುಟ್ಟಿಸಿದ ವಸ್ತುವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟೆಲ್ಲ ಇದ್ದೂ ಇದರಲ್ಲಿ ಮುಚ್ಚುಮರೆ ಕಡಿಮೆ. ಡಿಸ್ಕಿನ ಮೊದಲ ಬೈಟುಗಳಲ್ಲೇ ಲಕ್ಸ್ ಎಂದು ಹೆಸರು ಬರೆದಿರುತ್ತದೆ, ಯಾವ ಗೂಢಲಿಪಿ ಬಳಸಿದೆ ಎಂಬುದೂ ಅಲ್ಲೇ ಇರುತ್ತದೆ. ಬೀಗದ ರಚನೆ ಶತ್ರುವಿನ ಕೈಗೆ ಸಿಕ್ಕರೂ ಚಿಂತೆಯಿರಬಾರದು, ಕೀಲಿಯೊಂದು ಗುಟ್ಟಾಗಿದ್ದರೆ ಸಾಕು ಎಂದು ಪ್ಯಾರಿಸ್ಸಿನಲ್ಲಿ ಭಾಷೆ ಕಲಿಸುತ್ತಿದ್ದ ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲೇ ವಾದಿಸಿದ್ದ. ಭಾಷೆಯ ಮೇಷ್ಟ್ರಿಗೆ ಸೇನೆಯ ಗೂಢಲಿಪಿಯ ಉಸಾಬರಿ ಹೇಗೆ ಅಂಟಿತೋ, ಆದರೆ ಮಾತು ಸೊಗಸಾಗಿದೆ. ತನ್ನ ಬೀಗದ ತಯಾರಿಕೆಯೇ ಗುಟ್ಟು ಎನ್ನುವವನನ್ನು ನಾನೂ ನಂಬುವುದಿಲ್ಲ.

ಕೀಲಿ ವಸ್ತುವಾದರೆ ಅದಕ್ಕೆ ವಸ್ತುವಿನ ಕಷ್ಟಗಳೆಲ್ಲ ಬರುತ್ತವೆ. ದೊಡ್ಡ ಶತ್ರು ಹ್ಯಾಕರ್ ಅಲ್ಲ, ಜೆರಾಕ್ಸ್ ಅಂಗಡಿ. "ಒಂದು ಪ್ರಿಂಟ್ ತೆಗೆಸ್ಕೊಂಡ್ ಬರ್ತೀನಿ, ಪೆನ್‌ಡ್ರೈವ್ ಕೊಡಪ್ಪ" ಎಂದು ಮಗಳು ಅದನ್ನೇ ಎತ್ತಿಕೊಂಡು ಹೋದಳೆಂದರೆ ಮುಗಿಯಿತು. ಲಿನಕ್ಸಿನ ಶೈಲಿಯಲ್ಲಿ ಬರೆದ ಪೆನ್‌ಡ್ರೈವನ್ನು ಕಂಡ ವಿಂಡೋಸ್, ಇದನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎನ್ನುತ್ತದೆ. ಕ್ಯೂ ನಿಂತ ಜನರ ನಡುವೆ ಅಂಗಡಿ ಹುಡುಗನಿಗೆ ಓದಲು ಪುರುಸೊತ್ತೆಲ್ಲಿ? ಇನ್ನೊಂದು ಶತ್ರು ನಮ್ಮದೇ ಉದಾಸೀನ. ಚುಚ್ಚಿದ ಪೆನ್‌ಡ್ರೈವ್ ಚುಚ್ಚಿದಲ್ಲೇ ಇದ್ದು, ಲ್ಯಾಪ್‌ಟಾಪಿನ ಜೊತೆ ಒಂದೇ ಚೀಲದಲ್ಲಿ ಊರೂರು ಸುತ್ತುತ್ತದೆ. ಎನ್‌ಕ್ರಿಪ್ಟ್ ಮಾಡಿದ ಶ್ರಮವೆಲ್ಲ ಆಗ ಕಳ್ಳನಿಗೆ ದಕ್ಷಿಣೆ.

ಅದಕ್ಕೇ ಎರಡನೆಯ ಪೆನ್‌ಡ್ರೈವನ್ನು ಶಿವಮೊಗ್ಗದ ಅಕ್ಕನ ಮನೆಯಲ್ಲಿಟ್ಟಿದ್ದೇನೆ. ತಲೆಯಲ್ಲಿರುವ ಪಾಸ್‌ವರ್ಡ್ ತಲೆಯೊಡನೆಯೇ ಹೋಗುತ್ತದೆ. ಕೈಗೆ ಸಿಗುವ ವಸ್ತುವನ್ನಾದರೆ ಇನ್ನೊಬ್ಬರಿಗೆ ಒಪ್ಪಿಸಬಹುದು, ನಾಳೆ ಮಕ್ಕಳು ಫೋಟೋ ಬೇಕೆಂದಾಗ ಯಾರೋ ತೆಗೆದುಕೊಡಬಹುದು ಎಂಬ ಲೆಕ್ಕ. ಅಕ್ಕ ಮೊನ್ನೆ ಫೋನ್ ಮಾಡಿದ್ದಳು.

"ಏನೋ ಇದು, ಟೀವಿಗೆ ಚುಚ್ಚಿದ್ರೆ ಏನೂ ಬರಲ್ವಲ್ಲ?"

"ಅಕ್ಕಾ, ಅದು ಸಿನಿಮಾ ಅಲ್ಲ, ಬೀಗದ ಕೈ. ಭದ್ರವಾಗಿ ಇಡು ಅಂದಿದ್ನಲ್ಲ."

"ಹಂಗಾ? ಸರಿ, ಬೀರೂಲಿ ಇಟ್ಟು ಬೀಗ ಹಾಕಿಸ್ತೀನಿ ತಗೋ. ಬೀರು ಕೀ ನಿಮ್ ಭಾವನ ಹತ್ರ ಇದೆ. ಬೆಳಗ್ಗೆಯಿಂದ ಅದನ್ನೇ ಹುಡುಕ್ತಾ ಇದಾರೆ."