ತಪ್ಪು ಹುಡುಕುವವರು

ಪರೀಕ್ಷಕನೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನರ ಕಣ್ಣ ಮುಂದೆ ಕೆಂಪು ಶಾಯಿಯ ಲೇಖನಿಯೊಂದು ಬಂದು ನಿಲ್ಲುತ್ತದೆ. ಉತ್ತರಪತ್ರಿಕೆಯ ಮೇಲೆ ಅಡ್ಡಗೀಟು ಎಳೆಯುವುದೇ ಆತನ ಸುಖವೆಂದು ನಂಬಿದವರು ಅನೇಕರು. ಈ ಅಪಖ್ಯಾತಿಯ ಒಂದು ಪಾಲು ನಮಗೂ ಸಂದಿದೆ. ನಾವೆಂದರೆ, ಕಂಪ್ಯೂಟರಿನ ತಂತ್ರಾಂಶಗಳು ಜನರ ಕೈಸೇರುವ ಮೊದಲು ಅವನ್ನು ಪರೀಕ್ಷಿಸುವವರು. ಬರೆಯುವವನು ಒಬ್ಬ, ಬಳಸುವವನು ಇನ್ನೊಬ್ಬ. ನಡುವೆ ನಿಂತು ‘ಇಲ್ಲಿ ತಪ್ಪಿದೆ’ ಎನ್ನುವ ನಾವು ಕರೆಯದೆ ಬಂದ ನೆಂಟರು. ಅಂತಹ ನೆಂಟರ ಸಣ್ಣ ತಂಡವೊಂದರ ಯಜಮಾನಿಕೆ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ.

ಈ ಕಸುಬಿಗೆ ದೊಡ್ಡ ದೊಡ್ಡ ಗ್ರಂಥಗಳಿವೆ. ಆದರೆ ಬಂಟ್ವಾಳದವನಾದ ನನಗೆ ನಮ್ಮ ಸೀಮೆಯೇ ಹೆಚ್ಚು ಕಲಿಸಿದೆಯೆಂದರೆ ತಪ್ಪಾಗಲಾರದು. ಬೆಳ್ತಂಗಡಿಯ ಕಡೆಯ ಅಡಿಕೆ ಅಂಗಡಿಯನ್ನೇ ನೋಡಿರಿ. ಸುಲಿದ ಅಡಿಕೆಯ ಗೋಣಿ ಬಂದಿಳಿದಾಗ, ಪಳಗಿದವನು ಮೇಲಿನ ಒಂದು ಹಿಡಿಯನ್ನು ನೋಡಿ ತೃಪ್ತನಾಗುವುದಿಲ್ಲ. ಗೋಣಿಯ ನಡುವಿಗೂ ತಳಕ್ಕೂ ಕೈಹಾಕುತ್ತಾನೆ. ಒಂದೆರಡನ್ನು ಕತ್ತರಿಸಿ ಒಳಗನ್ನು ನೋಡುತ್ತಾನೆ. ಪಟೋರ, ಉಳ್ಳಿ, ಕೋಕ, ಕರಿಗೋಟು ಎಂದು ಬೇರೆ ಬೇರೆ ಮಾಡುತ್ತಾನೆ. ಬೆಳೆದವನ ಮೇಲೆ ಆತನಿಗೆ ಸಿಟ್ಟಿಲ್ಲ. ಇದ್ದುದನ್ನು ಇದ್ದಂತೆ ಹೇಳುವುದಷ್ಟೇ ಆತನ ಕೆಲಸ. ಎಲ್ಲ ಅಡಿಕೆಯನ್ನೂ ಕತ್ತರಿಸಿ ನೋಡುತ್ತೇನೆಂದರೆ ಮಾರಲು ಏನೂ ಉಳಿಯದು. ತಂತ್ರಾಂಶವನ್ನೂ ಹಾಗೆಯೇ ಪೂರ್ತಿಯಾಗಿ ಪರೀಕ್ಷಿಸಿ ಮುಗಿಸುವುದು ಯಾರಿಂದಲೂ ಆಗದು. ಎಲ್ಲಿ ಕತ್ತರಿಸಿ ನೋಡಬೇಕೆಂಬ ವಿವೇಕವೇ ಪರೀಕ್ಷಕನ ಬಂಡವಾಳ.

ಇನ್ನು ನಮ್ಮ ಬಂಟ್ವಾಳ. ನೇತ್ರಾವತಿಯ ದಡದಲ್ಲಿ ಮನೆ ಕಟ್ಟಹೊರಟವನು ಈ ವರ್ಷದ ಮಳೆಯನ್ನು ನೋಡಿ ಪಾಯ ಹಾಕುವುದಿಲ್ಲ. ‘1974ರ ನೆರೆ ಎಲ್ಲಿಯವರೆಗೆ ಏರಿತ್ತು?’ ಎಂದು ಹಿರಿಯರನ್ನು ಕೇಳುತ್ತಾನೆ. ಇಂತಹ ಪ್ರಶ್ನೆಯನ್ನು ಕೇಳದೆ ಹೋದುದರ ಫಲ 1996ರ ಜೂನ್ 4ರಂದು ಕಂಡಿತು. ಯುರೋಪಿನ ಏರಿಯಾನ್-5 ರಾಕೆಟ್ಟು ಮೇಲೆದ್ದ ಸುಮಾರು ನಲವತ್ತು ಸೆಕೆಂಡುಗಳಲ್ಲಿ ಸಿಡಿದುಹೋಯಿತು. ಹಿಂದಿನ ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ತಂತ್ರಾಂಶವನ್ನೇ ಇದರಲ್ಲಿಯೂ ಇರಿಸಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು. ಆ ವೇಗದ ಅಂಕಿ ಹದಿನಾರು ಬಿಟ್ಟುಗಳ ಪಾತ್ರೆಯಲ್ಲಿ ಹಿಡಿಸದೆ ಹೊರಚೆಲ್ಲಿತು. ಹೊಸ ಹಾದಿಯ ಅಂಕಿಗಳನ್ನು ಕೊಟ್ಟು ಆ ಭಾಗವನ್ನು ಮೊದಲೇ ಪರೀಕ್ಷಿಸಿರಲಿಲ್ಲ. ಹಳೆಯ ನೀರಿನ ಅಳತೆ ಹೊಸ ನೆರೆಗೆ ಸಾಲಲಿಲ್ಲ.

ಮೂಡುಬಿದಿರೆಯ ಪಾಠ ಮಾತ್ರ ನಮ್ಮ ತಂಡದ ತರುಣಿಯೊಬ್ಬಳಿಂದ ಬಂದುದು. ಆಕೆ ಆ ಊರಿನವಳೇ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಸ್ವೀಕರಿಸುವ ತಂತ್ರಾಂಶವೊಂದು ನಮ್ಮ ಮುಂದಿದ್ದಿತು. ಮಾರನೆಯ ದಿನವೇ ಬಿಡುಗಡೆ. ಆಕೆ ತನ್ನ ಮನೆಯ ವಿಳಾಸವನ್ನು ತುಂಬಿ ನೋಡಿದಳು. ತಾಲೂಕುಗಳ ಪಟ್ಟಿಯಲ್ಲಿ ಬಂಟ್ವಾಳವಿತ್ತು, ಬೆಳ್ತಂಗಡಿಯಿತ್ತು, ಮೂಡುಬಿದಿರೆ ಇರಲಿಲ್ಲ. ಅದು ಮಂಗಳೂರು ತಾಲೂಕಿನಲ್ಲಿದ್ದ ಕಾಲದ ಪಟ್ಟಿಯನ್ನು ಯಾರೋ ಎತ್ತಿ ಇಟ್ಟಿದ್ದರು.

“ಒಂದು ಹೆಸರು ತಾನೆ! ಮುಂದಿನ ಸಲ ಸೇರಿಸಿದರಾಯಿತು,” ಎಂದು ತಂತ್ರಾಂಶ ಬರೆದವರು ನಕ್ಕರು.

ಆಕೆಯ ಮುಖ ಕೆಂಪಾಯಿತು. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಆದರೂ ಮೆಲ್ಲನೆ ಹೇಳಿದಳು: “ಸರ್, ಆ ಒಂದು ಹೆಸರಿನೊಳಗೆ ಒಂದು ತಾಲೂಕೇ ಇದೆ. ಆದಾಯದ ಪ್ರಮಾಣಪತ್ರದಲ್ಲಿ ಮೂಡುಬಿದಿರೆ, ಅರ್ಜಿಯಲ್ಲಿ ಮಂಗಳೂರು ಎಂದಿದ್ದರೆ ಅರ್ಜಿ ಹಿಂದಕ್ಕೆ ಬರುವುದು ಆ ಮಕ್ಕಳಿಗೆ.”

ತಂಡದ ಯಜಮಾನನೆನಿಸಿಕೊಂಡವನ ಪರೀಕ್ಷೆ ಇಂತಹ ಗಳಿಗೆಯಲ್ಲಿಯೇ ಆಗುವುದು. ಬಿಡುಗಡೆಯನ್ನು ತಡೆಯುವ ಅಧಿಕಾರ ನನಗಿರಲಿಲ್ಲ; ಇರಬೇಕೆಂದೂ ನಾನು ಬಯಸುವವನಲ್ಲ. ಏನು ಮಾಡಿದೆವು, ಏನಾಗಬೇಕಾಗಿತ್ತು, ಏನಾಯಿತು, ಅದರಿಂದ ಯಾರಿಗೆ ತೊಂದರೆ ಎಂಬ ನಾಲ್ಕು ಮಾತುಗಳನ್ನು ಆಕೆಯಿಂದಲೇ ಬರೆಯಿಸಿ, ಕೆಳಗೆ ನನ್ನ ಹೆಸರನ್ನೂ ಸೇರಿಸಿ, ಮೇಲಿನವರ ಮುಂದಿಟ್ಟೆ. ಬಿಡುಗಡೆ ಎರಡು ದಿನ ಮುಂದಕ್ಕೆ ಹೋಯಿತು. ಗೊಣಗಾಟವೂ ನಡೆಯಿತು. ಅದು ಆಕೆಯ ಮೇಲೆ ಬೀಳದಂತೆ ನೋಡಿಕೊಳ್ಳುವುದು ನನ್ನ ಸಂಬಳದಲ್ಲಿಯೇ ಸೇರಿದ ಕೆಲಸ. ಮುಂದಿನ ಕೆಲಸದಲ್ಲಿ ಅವರಿಬ್ಬರನ್ನೂ ಮೊದಲ ದಿನದಿಂದಲೇ ಅಕ್ಕಪಕ್ಕದಲ್ಲಿ ಕೂರಿಸಿದೆ. ಈಗ ಆತ ಬರೆಯುವ ಮುನ್ನವೇ ಆಕೆಯನ್ನು ಕೇಳುತ್ತಾನೆ.

ನಾನು ಹಿಂದೆ ದುಡಿಯುತ್ತಿದ್ದ ಕಚೇರಿಯೊಂದರಲ್ಲಿ ಯಾರು ಎಷ್ಟು ತಪ್ಪು ಹುಡುಕಿದರೆಂದು ಗೋಡೆಯ ಮೇಲೆ ಲೆಕ್ಕ ಬರೆಯುತ್ತಿದ್ದರು. ಜನರು ಚುಕ್ಕಿ ತಪ್ಪಿತು, ಬಣ್ಣ ಮಾಸಿತು ಎಂದು ರಾಶಿ ರಾಶಿಯಾಗಿ ಬರೆದುಹಾಕಿದರು. ಎರಡು ದಿನ ಕುಳಿತು ಒಂದೇ ಒಂದು ಗಂಡಾಂತರವನ್ನು ಕಂಡುಹಿಡಿದವನು ಪಟ್ಟಿಯ ತಳಕ್ಕೆ ಬಿದ್ದನು. ಆ ದಿನದಿಂದ ನನ್ನ ತಂಡದಲ್ಲಿ ಎಂದಾದರೂ ಇಂತಹ ಎಣಿಕೆ ನಡೆಯಬಾರದೆಂದು ನಿಶ್ಚಯಿಸಿದೆ. ನಾನು ಕೇಳುವುದು ಎರಡೇ ಪ್ರಶ್ನೆ: ನೀನು ನೋಡಿದ್ದೇನು? ನೋಡದೆ ಬಿಟ್ಟದ್ದೇನು?

ಎರಡನೆಯದಕ್ಕೆ ಉತ್ತರಿಸಲು ಹೊಸಬರು ಹೆದರುತ್ತಾರೆ. ಅದು ಸೋಮಾರಿತನದ ಒಪ್ಪಿಗೆಯೆಂದು ತಿಳಿಯುತ್ತಾರೆ. ಅವರಿಗೆ ನಾನು ಮೂಡುಬಿದಿರೆಯ ಬಸದಿಯನ್ನು ನೆನಪಿಸುವುದುಂಟು. 1430ರಲ್ಲಿ ಕಟ್ಟಿದ ಆ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಹೇಳುತ್ತಾರೆ. ಹತ್ತು ಕಂಬಗಳನ್ನು ನೋಡಿ ಬಂದವನು ಹತ್ತನ್ನು ನೋಡಿದೆನೆಂದರೆ ಅದರಲ್ಲಿ ನಾಚಿಕೆಯೇನು? ಸಾವಿರವನ್ನೂ ನೋಡಿದೆನೆಂದರೆ ಅಲ್ಲವೆ ನಾಚಿಕೆ?

ಆ ತಾಲೂಕಿನ ಯಾವ ವಿದ್ಯಾರ್ಥಿಗೂ ತನ್ನ ಊರಿನ ಹೆಸರು ಪಟ್ಟಿಯಲ್ಲಿ ಹೇಗೆ ಬಂದಿತೆಂದು ತಿಳಿದಿರಲಾರದು. ಅರ್ಜಿ ಹೋಯಿತು, ಹಣ ಬಂದಿತು; ಅವರಿಗೆ ಅಷ್ಟು ಸಾಕು. ನಮ್ಮ ಹುಡುಗಿಯಾದರೂ ಅದನ್ನು ಯಾರೊಡನೆಯೂ ಹೇಳಿಕೊಂಡಂತಿಲ್ಲ. ಮೊನ್ನೆ ನೋಡಿದರೆ, ಹೊಸದಾಗಿ ಸೇರಿದ ತರುಣನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದಳು: “ಮೊದಲು ನಿನ್ನ ಊರಿನ ಹೆಸರನ್ನೇ ಹಾಕಿ ನೋಡು.”