ಗಡಿಯಾಚೆಯ ಘಟ್ಟದ ದಾರಿ

ಟಿಕೆಟ್ಟು ಕೈಗೆ ಬಂದ ದಿನ ಪೆಟ್ಟಿಗೆ ಕಟ್ಟುವವರು ಲೋಕದಲ್ಲಿ ಬಹಳ ಮಂದಿ. ಪೆಟ್ಟಿಗೆ ಕಟ್ಟಿಟ್ಟು ವರ್ಷಗಟ್ಟಲೆ ಟಿಕೆಟ್ಟಿಗಾಗಿ ಕಾಯುವವರೂ ಕೆಲವರಿದ್ದಾರೆ. ತೀರ್ಥಹಳ್ಳಿಯ ಕಡೆಯ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟರು ಈ ಎರಡನೆಯ ಪಂಗಡಕ್ಕೆ ಸೇರಿದವರು. ಮೂವತ್ತೆರಡು ವರ್ಷಗಳ ಕಾಲ ಅವರು ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಹಿಮಾಲಯವನ್ನು ಬರೆದರು. ಬೆಲ್ಲು ಹೊಡೆದೊಡನೆ ಅದನ್ನು ತಾವೇ ಬಟ್ಟೆಯಿಂದ ಒರೆಸಿದರು. ಆದರೆ ಉತ್ತರ ದಿಕ್ಕಿಗೆ ಅವರು ಸ್ವತಃ ಹೋದದ್ದು ಹಂಪೆಯವರೆಗೆ ಮಾತ್ರ. ಎವರೆಸ್ಟಿನ ಎತ್ತರ 8,848 ಮೀಟರ್ ಎಂದು ಸಾವಿರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು, 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಸೇರಿ ಅದನ್ನು 8,848.86 ಎಂದು ಪ್ರಕಟಿಸಿದಾಗ, ತಮ್ಮ ಹಳೆಯ ಅಟ್ಲಾಸಿನಲ್ಲಿ ಆ 86 ಸೆಂಟಿಮೀಟರನ್ನು ಕೆಂಪು ಶಾಯಿಯಲ್ಲಿ ಸೇರಿಸಿದರು. ಸಾಲದ ಬಾಕಿಯನ್ನು ತೀರಿಸಿದಷ್ಟು ಸಮಾಧಾನ ಅವರಿಗೆ ಆ ದಿನ.

ಪತ್ನಿ ತೀರಿಕೊಂಡ ಮೇಲೆ ಮೇಷ್ಟರು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ವಯಸ್ಸು ಎಪ್ಪತ್ತೊಂದು. ನಡಿಗೆ ಗಟ್ಟಿಯಾಗಿದೆ, ಪಚನಶಕ್ತಿಗೂ ಕುಂದಿಲ್ಲ. ಕೈಕೊಡುತ್ತಿರುವುದು ಕಣ್ಣು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿಯ ನರ ಸವೆಯುವ ಗ್ಲಾಕೋಮಾ ಎಂಬ ರೋಗ. ನೋವಿಲ್ಲ, ಕೆಂಪಿಲ್ಲ, ಅಂಚಿನಿಂದ ಒಳಕ್ಕೆ ನೋಟ ಮೆಲ್ಲಮೆಲ್ಲನೆ ಕಿರಿದಾಗುತ್ತ ಬರುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದುದನ್ನು ಕಾಪಾಡಿಕೊಳ್ಳಬಹುದು ಎಂದು ವೈದ್ಯರು ಹೇಳಿ, ರಾತ್ರಿಗೊಂದು ತೊಟ್ಟು ಔಷಧಿ ಬರೆದುಕೊಟ್ಟರು. ಆ ಸಂಜೆ ಊಟದ ಹೊತ್ತಿನಲ್ಲಿ ಮೇಷ್ಟರು ಯಾವ ಪೀಠಿಕೆಯೂ ಇಲ್ಲದೆ, “ದಾಮನ್ ನೋಡಬೇಕಪ್ಪ” ಎಂದರು.

ದಾಮನ್ ಎಂದರೆ ಸಮುದ್ರತೀರದ ದಮನ್ ಎಂದೇ ಮಗ ಭಾವಿಸಿದ. ಅವನದು ತಪ್ಪಲ್ಲ, ಪ್ರವಾಸಿಗರ ಬಾಯಲ್ಲಿ ಓಡಾಡುವ ಹೆಸರು ಅದು. ಮೇಷ್ಟರು ಹೇಳಿದ ದಾಮನ್ ನೇಪಾಳದಲ್ಲಿದೆ. 2,322 ಮೀಟರ್ ಎತ್ತರದ ಬೆಟ್ಟದ ಹಳ್ಳಿ. ಬಾನು ತಿಳಿಯಾದ ಮುಂಜಾನೆ ಅಲ್ಲಿ ನಿಂತರೆ ಪಶ್ಚಿಮದ ಧವಳಗಿರಿಯಿಂದ ಪೂರ್ವದ ಎವರೆಸ್ಟಿನವರೆಗೆ ಹಿಮದ ಸಾಲು ಒಂದೇ ನೋಟಕ್ಕೆ ಸಿಗುತ್ತದೆ. ಹಲಗೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಳೆಯುತ್ತಿದ್ದ ನೀಲಿ ಗೆರೆಯನ್ನು ಹಾಗೆಯೇ ಅಖಂಡವಾಗಿ ನೋಡಬೇಕೆಂಬುದು ಅವರ ಆಸೆ.

“ಕಾಠ್ಮಂಡುವಿಗೆ ವಿಮಾನದಲ್ಲಿ ಹೋಗೋಣ, ಅಪ್ಪಯ್ಯ. ಕಿಟಕಿಯಿಂದಲೇ ಎಲ್ಲ ಕಾಣುತ್ತದೆ” ಎಂದ ಮಗ.

“ವಿಮಾನದಿಂದ ಕಾಣುವುದು ಭೂಪಟ. ಅದನ್ನು ಬೇಕಾದಷ್ಟು ನೋಡಿದ್ದೇನೆ” ಎಂದರು ಮೇಷ್ಟರು. ಬಯಲಿನಿಂದ ಹೊರಟು, ಸಾಲು ಸಾಲಾಗಿ ಬೆಟ್ಟ ಹತ್ತಿ, ಕಣಿವೆ ದಾಟಿ ಹಿಮದ ಎದುರು ನಿಲ್ಲಬೇಕು. ತರಾಯಿ, ಶಿವಾಲಿಕ, ಮಹಾಭಾರತ ಲೇಖ್ ಎಂದು ಅವರು ಪಾಠ ಮಾಡಿದ್ದೂ ಅದೇ ಅನುಕ್ರಮದಲ್ಲಿ. ಅದಕ್ಕೆ ಇರುವ ದಾರಿ ತ್ರಿಭುವನ ರಾಜಪಥ.

ಈ ರಾಜಪಥದ ಕಥೆ ಸ್ವಾರಸ್ಯವಾದುದು. ಕಾಠ್ಮಂಡುವಿಗೆ ಹೊರಗಿನಿಂದ ಬಂದ ಮೊದಲ ಮೋಟಾರು ಹೆದ್ದಾರಿ ಇದು. ಭಾರತದ ಸೇನೆಯ ಎಂಜಿನಿಯರುಗಳು 1953ರಲ್ಲಿ ಕೆಲಸ ಹಿಡಿದು 1956ರ ಹೊತ್ತಿಗೆ ಮುಗಿಸಿದರು. ನಡುವೆ 1955ರಲ್ಲಿ ತೀರಿಕೊಂಡ ದೊರೆ ತ್ರಿಭುವನನ ಹೆಸರು ದಾರಿಗೆ ಬಂತು. ಅದಕ್ಕೆ ಮೊದಲು ರಾಜಧಾನಿಯಲ್ಲಿ ಕಾರುಗಳಿರಲಿಲ್ಲವೆಂದಲ್ಲ. ರಾಣಾ ಮನೆತನದ ಅರಮನೆಗಳಲ್ಲಿ ವಿಲಾಯಿತಿ ಕಾರುಗಳಿದ್ದವು. 1927ರಲ್ಲಿ ಆರಂಭವಾದ ಚಿಕ್ಕ ರೈಲು ರಕ್ಸೌಲಿನಿಂದ ಅಮ್ಲೇಖಗಂಜಿನವರೆಗೆ ಬರುತ್ತಿತ್ತು. ಅಲ್ಲಿಂದ ಭೀಮಫೇದಿಯವರೆಗೆ ಗಾಡಿರಸ್ತೆ. ಆಮೇಲೆ ಚಿಸಾಪಾನಿ ಗಢಿ, ಚಂದ್ರಗಿರಿಗಳ ಕಡಿದಾದ ಕಾಲುದಾರಿ. ಆ ಕಾಲುದಾರಿಯಲ್ಲಿ ಬಿದಿರು ಗಳಗಳಿಗೆ ಬಿಗಿದ ಕಾರನ್ನು ಹತ್ತಾರು ಮಂದಿ ಹಮಾಲರು ಹೆಗಲಮೇಲೆ ಹೊತ್ತು ಬೆಟ್ಟ ದಾಟಿಸುತ್ತಿದ್ದರು. ಮನುಷ್ಯನನ್ನು ಹೊರಲೆಂದು ಹುಟ್ಟಿದ ಯಂತ್ರವನ್ನು ಮನುಷ್ಯನೇ ಹೊತ್ತು ನಡೆದ ಆ ದೃಶ್ಯವನ್ನು ಮೇಷ್ಟರು ಮೊಮ್ಮಗನಿಗೆ ವರ್ಣಿಸಿದಾಗ ಹುಡುಗ ಕೇಳಿದ ಪ್ರಶ್ನೆ ಒಂದೇ: “ಪೆಟ್ರೋಲು ಹೊತ್ತವರು ಯಾರು, ಅಜ್ಜ?”

ಬೀರಗಂಜಿನಿಂದ ಹೇಟೌಡಕ್ಕೆ ಸುಮಾರು 60 ಕಿಲೋಮೀಟರ್. ಹೇಟೌಡ ಇರುವುದು 500 ಮೀಟರಿಗಿಂತ ಕೆಳಗೆ. ಅಲ್ಲಿಂದ ಮೇಲೇರತೊಡಗಿದ ರಾಜಪಥ ಸಿಂಭಂಜ್ಯಾಂಗಿನಲ್ಲಿ 2,488 ಮೀಟರಿಗೆ ಮುಟ್ಟುತ್ತದೆ. ಅಲ್ಲಿಂದ ತುಸು ಇಳಿದರೆ ದಾಮನ್. ಮತ್ತೂ ಇಳಿದರೆ ಆಲೂಗೆಡ್ಡೆ ಬೆಳೆಯುವ ಪಾಲುಂಗ್ ಕಣಿವೆ. ಕೊನೆಗೆ ನೌಬಿಸೆಯಲ್ಲಿ ದೊಡ್ಡ ಹೆದ್ದಾರಿ. ಹೇಟೌಡದಿಂದ ಕಾಠ್ಮಂಡುವಿಗೆ 130 ಕಿಲೋಮೀಟರಿಗೆ ತುಸು ಹೆಚ್ಚು. ಆದರೆ ತಿರುವುಗಳ ದೆಸೆಯಿಂದ ಅರ್ಧ ದಿನಕ್ಕೂ ಮಿಕ್ಕಿ ಹಿಡಿಯುತ್ತದೆ. ಆದ್ದರಿಂದಲೇ ಲಾರಿಗಳೂ ಬಸ್ಸುಗಳೂ ನಾರಾಯಣಘಾಟ್, ಮುಗ್ಲಿಂಗುಗಳ ಸುತ್ತು ದಾರಿ ಹಿಡಿಯುತ್ತವೆ. ಮಗನ ಲೆಕ್ಕಕ್ಕೂ ಆ ದಾರಿಯೇ ಸರಿಯೆನಿಸಿತ್ತು. ಸೊಸೆ ಒಂದೇ ಮಾತಿನಲ್ಲಿ ಅದನ್ನು ಹೊಡೆದುಹಾಕಿದಳು. 2024ರ ಜುಲೈ 12ರಂದು ಅದೇ ಹೆದ್ದಾರಿಯ ಸಿಮಲ್‌ತಾಲದಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ಪ್ರಯಾಣಿಕರೊಡನೆ ತ್ರಿಶೂಲಿ ನದಿಗೆ ಕೊಚ್ಚಿಹೋದ ಸುದ್ದಿಯನ್ನು ಆಕೆ ಮರೆತಿರಲಿಲ್ಲ. ಗುಡ್ಡ ಕುಸಿಯುವುದು ರಾಜಪಥದಲ್ಲಿಯೂ ಉಂಟು. ಮಳೆಗಾಲದಲ್ಲಿ ಯಾವ ಘಟ್ಟವೂ ನಂಬತಕ್ಕದ್ದಲ್ಲ ಎಂಬುದನ್ನು ಆಗುಂಬೆಯ ಮಗ್ಗುಲಲ್ಲಿ ಬೆಳೆದವರಿಗೆ ಬೇರೆ ಹೇಳಬೇಕಾಗಿಲ್ಲ. ದಾರಿಗಿಂತ ಕಾಲ ಮುಖ್ಯವೆಂದು ತೀರ್ಮಾನವಾಯಿತು. ಡಿಸೆಂಬರ್, ಜನವರಿಗಳಲ್ಲಿ ತರಾಯಿ ಬಯಲಿಗೆ ಮಂಜು ಕವಿಯುತ್ತದೆ. ಚೈತ್ರದಲ್ಲಿ ದಾಮನ್ ಸುತ್ತ ಗುರಾಂಸ್ ಹೂವು ಕೆಂಪಗೆ ಅರಳುವುದೇನೋ ನಿಜ. ಆದರೆ ಆಗ ಬಾನಿನಲ್ಲಿ ಧೂಳು, ಹೊಗೆ. ಹಿಮದ ಸಾಲು ಬೇಕೆನ್ನುವವರಿಗೆ ಮಳೆ ತೊಳೆದುಕೊಟ್ಟ ಆಕಾಶವೇ ಬೇಕು. ಅಂದರೆ ಅಕ್ಟೋಬರಿನ ಕೊನೆ, ಇಲ್ಲವೇ ನವೆಂಬರ್.

2025ರ ಅಕ್ಟೋಬರ್ ಎಂದು ಗೊತ್ತುಮಾಡಿದರು. ಆ ಸೆಪ್ಟೆಂಬರಿನ 8, 9ರಂದು ಕಾಠ್ಮಂಡುವಿನಲ್ಲಿ ಯುವಜನರ ಪ್ರತಿಭಟನೆಯ ಮೇಲೆ ಗುಂಡು ಹಾರಿತು. ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಪ್ರಧಾನಿ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ಮಧ್ಯಂತರ ಸರ್ಕಾರ ಬಂದು ಊರು ಶಾಂತವಾಯಿತಾದರೂ, ಮಕ್ಕಳನ್ನು ಕಟ್ಟಿಕೊಂಡು ಹೋಗುವ ಧೈರ್ಯ ಮನೆಯಲ್ಲಿ ಯಾರಿಗೂ ಉಳಿಯಲಿಲ್ಲ. ಬೇಸಗೆಗೆ ಹೋಗೋಣವೆಂದರೆ ಮೊಮ್ಮಗಳ ಎಸ್.ಎಸ್.ಎಲ್.ಸಿ. ಪರೀಕ್ಷೆ. ಮೇಷ್ಟರು ಏನೂ ಅನ್ನಲಿಲ್ಲ. ನಡುವೆ ನಡೆದ ದೃಷ್ಟಿಪರೀಕ್ಷೆಯ ಕಾಗದದಲ್ಲಿ ಮಾತ್ರ ಬಲಗಣ್ಣಿನ ಕಪ್ಪು ಭಾಗ ಹಿಂದಿನದಕ್ಕಿಂತ ಅಗಲವಾಗಿತ್ತು. ಅದನ್ನು ಮೇಷ್ಟರೂ ನೋಡಿದರು, ಮಗನೂ ನೋಡಿದ. ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳಲಿಲ್ಲ.

ಇನ್ನು ಕಾಗದಪತ್ರಗಳ ವಿಚಾರ. ಭಾರತ, ನೇಪಾಳಗಳ ನಡುವೆ 1950ರ ಜುಲೈ 31ರಂದು ಆದ ಒಪ್ಪಂದದ ಫಲವಾಗಿ ಇಲ್ಲಿಯವರು ಅಲ್ಲಿಗೆ ಹೋಗಲು ವೀಸಾ ಬೇಡ. ಆದರೆ ಗುರುತು ಬೇಕು: ಪಾಸ್‌ಪೋರ್ಟು, ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ. ಎಲ್ಲ ಕಡೆಯೂ ಸಲ್ಲುವ ಆಧಾರ್ ಇಲ್ಲಿ ಹದಿನೈದು ತುಂಬದವರಿಗೂ ಅರವತ್ತೈದು ದಾಟಿದವರಿಗೂ ಮಾತ್ರ ಸಲ್ಲುತ್ತದೆ. ಹೀಗಾಗಿ ಅಜ್ಜ ಮತ್ತು ಮೊಮ್ಮಗ ಒಂದೇ ದರ್ಜೆಗೆ ಸೇರಿ ಗೆದ್ದರು; ಹದಿನಾರಕ್ಕೆ ಕಾಲಿಟ್ಟ ಮೊಮ್ಮಗಳು ನಡುನೀರಿನಲ್ಲಿ ಉಳಿದಳು. ಹದಿನೈದರಿಂದ ಹದಿನೆಂಟರವರಿಗೆ ಶಾಲೆಯ ಮುಖ್ಯಸ್ಥರು ಗೊತ್ತಾದ ನಮೂನೆಯಲ್ಲಿ ಬರೆದುಕೊಟ್ಟ ಗುರುತುಪತ್ರ ಆಗುತ್ತದೆ. ಒಂದೇ ಕುಟುಂಬದವರು ಒಟ್ಟಾಗಿ ಹೋಗುವಾಗ ಹಿರಿಯರೊಬ್ಬರ ಬಳಿ ಸರಿಯಾದ ದಾಖಲೆಯಿದ್ದರೆ ಉಳಿದವರಿಗೆ ರಿಯಾಯಿತಿಯೂ ಇದೆ. ಆದರೂ ಸೊಸೆ ಪತ್ರ ತರಿಸಿಯೇ ತೀರಿದಳು. ಗಡಿಯಲ್ಲಿ ನಿಂತು ಕಾನೂನು ಬಿಡಿಸಿ ಹೇಳುವುದಕ್ಕಿಂತ ಮೊಹರು ಬಿದ್ದ ಕಾಗದವೊಂದನ್ನು ಮುಂದಿಡುವುದು ಸುಲಭವೆಂದು ಆಕೆ ತಿಳಿದವಳು.

ಹಣದ ವ್ಯವಹಾರವೂ ಸುಲಭ. 1993ರಿಂದ ನಮ್ಮ ನೂರು ರೂಪಾಯಿಗೆ ಅವರ ನೂರ ಅರವತ್ತು ಎಂಬ ಲೆಕ್ಕ ಕದಲಿಲ್ಲ. ದೊಡ್ಡ ನೋಟುಗಳ ನಿಯಮ ಆಗಾಗ ಬದಲಾಗುವುದರಿಂದ ನೂರರ ನೋಟಿನ ಕಟ್ಟು ಕೊಂಡೊಯ್ಯುವುದು ಕ್ಷೇಮ. ಗಡಿಯಾರವನ್ನು ಹದಿನೈದೇ ನಿಮಿಷ ಮುಂದಕ್ಕೆ ತಿರುಗಿಸಬೇಕೆಂಬುದು ಮೊಮ್ಮಗನಿಗೆ ಪಶುಪತಿನಾಥನಿಗಿಂತ ದೊಡ್ಡ ಆಕರ್ಷಣೆ.

ಅಂತೂ ಎಲ್ಲಕ್ಕಿಂತ ದೊಡ್ಡ ತಕರಾರು ಎದ್ದದ್ದು ಕಾರಿನ ವಿಷಯದಲ್ಲಿ. ಮಗ ಎರಡು ವರ್ಷದ ಹಿಂದೆ ಕೊಂಡ ಕಾರನ್ನು ಬೆಂಗಳೂರಿನಿಂದ ರಕ್ಸೌಲಿನವರೆಗೆ ತಾನೇ ನಡೆಸಿಕೊಂಡು ಹೋಗಬೇಕೆಂದಿದ್ದ. ಹೈದರಾಬಾದು, ನಾಗಪುರ, ಜಬಲ್ಪುರ, ರೇವಾ, ಪಾಟ್ನಾ; ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ಹಾದಿ. ಗಡಿಯಲ್ಲಿ ಭನ್ಸಾರ್ ಎಂದು ಕರೆಯುವ ಸುಂಕದ ಕಟ್ಟೆಯಲ್ಲಿ ದಿನಕ್ಕಿಷ್ಟು ಎಂದು ಹಣ ಕಟ್ಟಿ ಕಾರಿಗೆ ರಹದಾರಿ ಪಡೆಯಬೇಕು. ಇಲ್ಲಿಯ ವಿಮೆ ಅಲ್ಲಿಗೆ ತಾನಾಗಿ ಅನ್ವಯಿಸದಾದ್ದರಿಂದ ಹೆಚ್ಚುವರಿ ಕಂತು ಕೊಟ್ಟು ನೇಪಾಳಕ್ಕೆ ವಿಸ್ತರಿಸಿಕೊಳ್ಳಬೇಕು. ಇವೆಲ್ಲವನ್ನೂ ಅವನು ಉತ್ಸಾಹದಿಂದ ಕಾಗದದ ಮೇಲೆ ಪಟ್ಟಿಮಾಡಿದ್ದ. ಕರ್ನಾಟಕದ ಸಂಖ್ಯಾಫಲಕ ಹೊತ್ತ ಕಾರು ಸಿಂಭಂಜ್ಯಾಂಗಿನ ತಲೆಯ ಮೇಲೆ ನಿಂತ ಚಿತ್ರ ಅವನ ಮನಸ್ಸಿನಲ್ಲಿ ಆಗಲೇ ಅಚ್ಚಾಗಿತ್ತು. ರಜೆ ಮಾತ್ರ ಹನ್ನೆರಡೇ ದಿನ.

ಸೊಸೆ ಪಟ್ಟಿಯನ್ನು ಪೂರ್ತಿ ಓದಿದಳು. ಓದಿ, “ಆ ತಿರುವುಗಳಲ್ಲಿ ನೀವು ಸ್ಟಿಯರಿಂಗ್ ಹಿಡಿದು ಕೂತರೆ, ಮಾವನವರ ಪಕ್ಕದಲ್ಲಿ ಕೂತು ಯಾವುದು ಯಾವ ಶಿಖರವೆಂದು ತೋರಿಸುವವರು ಯಾರು, ರೀ?” ಎಂದಳು.

ಮಗ ತಂದೆಯ ಕಡೆಗೆ ತಿರುಗಿದ. ಅಡ್ಡನೋಟ ಕಳೆದುಕೊಂಡ ಕಣ್ಣಿಗೆ ಒಂದು ಶಿಖರ ಕಾಣಬಹುದು. ಸಾಲು ಕಾಣುವುದು ಕಷ್ಟ. ಈ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಮೇಷ್ಟರು ಕನ್ನಡಕ ತೆಗೆದು ಒರೆಸುತ್ತ, “ಕತ್ತು ತಿರುಗುತ್ತದಲ್ಲ, ಇನ್ನೂ! ಧವಳಗಿರಿಯಿಂದ ಶುರುಮಾಡಿ ನಿಧಾನವಾಗಿ ತಿರುಗಿಸುತ್ತ ಹೋದರಾಯಿತು. ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದಕ್ಕೆ ಒಬ್ಬರು ಬೇಕಾಗಬಹುದು” ಎಂದರು. ಕಾರಿನ ಮಾತು ಅಲ್ಲಿಗೆ ಮುಗಿಯಿತು.

ಈಗಿನ ಯೋಜನೆ ಇಷ್ಟು. ದೀಪಾವಳಿ ಕಳೆದ ಮೇಲೆ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ದಾನಾಪುರದವರೆಗೆ; ಅಲ್ಲಿಂದ ಬಾಡಿಗೆ ಕಾರಿನಲ್ಲಿ ಗಂಗೆಯನ್ನು ದಾಟಿ ಮುಜಫರ್‌ಪುರ, ಮೋತಿಹಾರಿ, ಸುಗೌಲಿಗಳ ಮೇಲೆ ರಕ್ಸೌಲು. ಸುಗೌಲಿಯಲ್ಲಿ ನೋಡುವುದೇನೂ ಇಲ್ಲದಿದ್ದರೂ ಐದು ನಿಮಿಷ ನಿಲ್ಲಬೇಕೆಂದು ಮೇಷ್ಟರ ಆಜ್ಞೆ. ನೇಪಾಳದ ಇಂದಿನ ಗಡಿಯನ್ನು ಬಹುಮಟ್ಟಿಗೆ ಗೊತ್ತುಮಾಡಿದ 1816ರ ಒಪ್ಪಂದಕ್ಕೆ ಆ ಊರಿನ ಹೆಸರೇ ಇದೆ. ಬೀರಗಂಜಿನಲ್ಲಿ ನೇಪಾಳದ ಕಾರು, ಆ ಘಟ್ಟದ ಪರಿಚಯವಿರುವ ನೇಪಾಳದ ಚಾಲಕ. ಬೆಟ್ಟ ಹತ್ತುವ ಮುನ್ನ ಒಂದು ಹಗಲು ಪೂರ್ವಕ್ಕೆ ಸುಮಾರು 30 ಕಿಲೋಮೀಟರಿನ ಸಿಮ್ರೌನ್‌ಗಢಕ್ಕೆ ಮೀಸಲು. 1097ರಲ್ಲಿ ನಾನ್ಯದೇವ ಅಲ್ಲಿ ಕಟ್ಟಿದ ರಾಜ್ಯಕ್ಕೆ ಕರ್ಣಾಟ ವಂಶವೆಂದೇ ಹೆಸರು. ಕಲ್ಯಾಣದ ಚಾಲುಕ್ಯರ ದಂಡಿನೊಡನೆ ಬಂದವರ ಪೀಳಿಗೆಯಿರಬೇಕೆಂದು ಅನೇಕ ಇತಿಹಾಸಕಾರರು ಊಹಿಸುತ್ತಾರೆ. ನಾನ್ಯದೇವ ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ದೊರೆ. 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕನ ಸೈನ್ಯ ಕೋಟೆಯನ್ನು ಮುರಿದಾಗ ಕೊನೆಯ ಅರಸು ಹರಿಸಿಂಹದೇವ ಓಡಿದ್ದು ಉತ್ತರದ ಬೆಟ್ಟಗಳ ಕಡೆಗೆ. ಕನ್ನಡನಾಡಿನ ಹೆಸರು ಹೊತ್ತವರು ಆ ಬೆಟ್ಟ ಹತ್ತುವುದು ಹೊಸತಲ್ಲ ಎಂದು ಮೇಷ್ಟರಿಗೆ ಹೆಮ್ಮೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರೂ ಪರಂಪರೆಯಿಂದ ದಕ್ಷಿಣದವರೇ, ಅವರಲ್ಲಿ ಕರ್ನಾಟಕದವರು ಹೆಚ್ಚು. ಕನ್ನಡದಲ್ಲಿಯೇ ಅರ್ಚನೆಗೆ ಹೇಳಬಹುದೇನೋ ಎಂದು ಸೊಸೆಯ ಆಸೆ.

ದಾಮನ್‌ನಲ್ಲಿ ಒಂದು ರಾತ್ರಿಯೆಂದಿದ್ದುದನ್ನು ಎರಡು ಮಾಡಿದ್ದಾರೆ. ಒಂದು ಬೆಳಗು ಮೋಡ ಕವಿದರೆ ಇನ್ನೊಂದು ಇರಲಿ ಎಂದು. ಕಣ್ಣಿನ ಔಷಧಿಯ ಎರಡು ಶೀಶೆಗಳು ಎರಡು ಬೇರೆ ಬೇರೆ ಚೀಲಗಳಲ್ಲಿ ಹೋಗತಕ್ಕದ್ದು. ಮೇಷ್ಟರು ನೋಟ್‌ಬುಕ್ಕಿನ ಹಾಳೆಗೊಂದರಂತೆ ದಪ್ಪ ಅಕ್ಷರಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಶಿಖರಗಳ ಹೆಸರು ಬರೆದು ಮಗನಿಗೆ ಕೊಟ್ಟಿದ್ದಾರೆ: ಧವಳಗಿರಿ, ಅನ್ನಪೂರ್ಣ, ಮನಸ್ಲು, ಗಣೇಶ ಹಿಮಾಲ, ಲಾಂಗ್‌ಟಾಂಗ್, ಗೌರೀಶಂಕರ, ಎವರೆಸ್ಟ್. ಪ್ರತಿ ಭಾನುವಾರ ಕಾಫಿಯಾದ ಮೇಲೆ ಒಪ್ಪಿಸಬೇಕು. ನಲವತ್ತನಾಲ್ಕು ವರ್ಷದ ಮಗ ಮನಸ್ಲು, ಗಣೇಶ ಹಿಮಾಲಗಳನ್ನು ಇನ್ನೂ ಹಿಂದುಮುಂದು ಮಾಡುತ್ತಾನೆ, ಮೊಮ್ಮಗ ನಗುತ್ತಾನೆ.

ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ ಅರವತ್ತು ದಿನ ಮೊದಲು. ಅಂದು ಬೆಳಗ್ಗೆ ಎಂಟು ಗಂಟೆಗೆ ಸೊಸೆಯೇ ಕುಳಿತು ಐದು ಟಿಕೆಟ್ಟು ತೆಗೆದಳು. ಮಾವನಿಗೆ ಕೆಳಗಿನ ಬರ್ತು ಸಿಕ್ಕಿತು. ಅವಳಿಗೂ ಮಕ್ಕಳಿಬ್ಬರಿಗೂ ಖಚಿತವಾಯಿತು. ಕಾಯುವ ಪಟ್ಟಿಯಲ್ಲಿ ಉಳಿದಿರುವುದು ಮಗನ ಹೆಸರೊಂದೇ.